ಮೊದಲು ಪತ್ರ, ಆಮೇಲೆ ಹಣ

ಏಪ್ರಿಲ್ ಬಂತೆಂದರೆ ಸ್ವಿಟ್ಜರ್ಲೆಂಡಿನ ನಮ್ಮ ಕನ್ನಡ ಕೂಟದವರ ಮನೆಗಳಿಗೆ ಊರಿನಿಂದ ಅಪ್ಪ ಅಮ್ಮ, ಅತ್ತೆ ಮಾವ ಬರತೊಡಗುತ್ತಾರೆ. ಬಂದವರನ್ನು ಎರಡು ರಾತ್ರಿಯಾದರೂ ಆಲ್ಪ್ಸ್ ಬೆಟ್ಟದ ಮೇಲಿನ ಹೋಟೆಲಿನಲ್ಲಿ ಇರಿಸಬೇಕು, ಬೆಳಿಗ್ಗೆ ಕಿಟಕಿ ತೆರೆದರೆ ಹಿಮದ ಶಿಖರ ಕಾಣಬೇಕು ಎಂಬ ಆಸೆ ಮಕ್ಕಳಿಗೆ ಇದ್ದದ್ದೇ. ಹಾಗಾಗಿ ಈ ದಿನಗಳಲ್ಲಿ ಕೂಟದ ಸುದ್ದಿಪತ್ರದ ವಿಳಾಸಕ್ಕೆ ಕವಿತೆಗಳಿಗಿಂತ ‘ಎಲ್ಲಿ ಉಳಿದರೆ ಚೆನ್ನ?’ ಎಂಬ ಪ್ರಶ್ನೆಗಳೇ ಹೆಚ್ಚು ಬರುತ್ತವೆ. ಎಲ್ಲಿ ಎಂಬುದಕ್ಕೆ ಉತ್ತರ ಹೇಳುವುದು ಕಷ್ಟವಲ್ಲ; ಸ್ವಿಟ್ಜರ್ಲೆಂಡಿನಲ್ಲಿ ನೋಟ ಚೆನ್ನಾಗಿಲ್ಲದ ಬೆಟ್ಟವನ್ನು ಹುಡುಕಬೇಕಷ್ಟೇ. ಆದರೆ ಹಣ ಕಟ್ಟುವ ಮೊದಲು ಹೋಟೆಲಿನವರನ್ನು ಏನು ಕೇಳಬೇಕೆಂದು ಯಾರೂ ವಿಚಾರಿಸುವುದಿಲ್ಲ. ಪಟ್ಟಣದ ಹೋಟೆಲಿನಲ್ಲಿ ಏನಾದರೂ ಕೊರತೆಯಾದರೆ ಪಕ್ಕದ ಬೀದಿಗೆ ಹೋಗಿ ತರಬಹುದು. ಬೆಟ್ಟದ ಮೇಲೆ ಪಕ್ಕದ ಬೀದಿಯೇ ಇರುವುದಿಲ್ಲ.

ಎಲ್ಲಕ್ಕಿಂತ ಮೊದಲು ಕೇಳಬೇಕಾದದ್ದು, ಆ ದಿನಗಳಲ್ಲಿ ಹೋಟೆಲ್ ತೆರೆದಿರುತ್ತದೆಯೇ, ಅಲ್ಲಿಗೆ ಹೋಗುವ ರೋಪ್‌ವೇ ಓಡುತ್ತದೆಯೇ ಎಂದು. ನಮ್ಮ ಊರಿನ ಶಾಲೆಗಳ ಬೇಸಿಗೆ ರಜೆ ಇಲ್ಲಿನ ಬೆಟ್ಟಗಳಿಗೆ ಸರಿಯಾಗಿ ಬಿಡುವಿನ ಕಾಲ. ಏಪ್ರಿಲ್‌ನಲ್ಲಿ ಹೆಚ್ಚಿನ ಕಡೆ ಸ್ಕೀ ಮುಗಿಯುತ್ತದೆ, ಚಾರಣದವರು ಬರಲು ಜೂನ್ ಆಗಬೇಕು. ನಡುವಿನ ವಾರಗಳಲ್ಲಿ ಅನೇಕ ಹೋಟೆಲುಗಳು ಬಾಗಿಲು ಹಾಕಿ ಕೆಲಸಗಾರರಿಗೆ ರಜೆ ಕೊಡುತ್ತವೆ. ರೋಪ್‌ವೇಗಳು ‘ರೆವಿಸಿಯೋನ್’ ಎಂಬ ಫಲಕ ತೂಗುಹಾಕಿ ಹಗ್ಗ, ಗಾಲಿಗಳನ್ನು ಪರೀಕ್ಷಿಸುತ್ತವೆ. ನವೆಂಬರ್‌ನಲ್ಲಿ ಮತ್ತೊಮ್ಮೆ ಇದೇ ಕಥೆ. ಷೀನಿಗೆ ಪ್ಲಾಟೆ ಬೆಟ್ಟದ ಹಲ್ಲುಗಾಲಿ ರೈಲು (ಹಳಿಗಳ ನಡುವಿನ ಹಲ್ಲುಪಟ್ಟಿಯನ್ನು ಕಚ್ಚಿಕೊಂಡು ಏರುವ ರೈಲು), ಬ್ರಿಯೆನ್ಸ್‌ನ ಉಗಿ ರೈಲು ಜೂನ್ ಹೊತ್ತಿಗೆ ಹೊರಡುತ್ತವೆ. ಫುರ್ಕಾ, ಗ್ರಿಮ್ಸೆಲ್, ಸುಸ್ಟೆನ್ ಘಟ್ಟದ ರಸ್ತೆಗಳಿಂದ ಹಿಮ ಸರಿಯುವುದೂ ಸಾಮಾನ್ಯವಾಗಿ ಆಗಲೇ. ಹಿರಿಯರು ಮೇ ತಿಂಗಳಲ್ಲೇ ಬರುವುದಾದರೆ ನನ್ನ ಮತ ರಿಗಿ ಬೆಟ್ಟಕ್ಕೆ. 1871ರಲ್ಲಿ ಯುರೋಪಿನ ಮೊದಲ ಬೆಟ್ಟದ ಹಲ್ಲುಗಾಲಿ ರೈಲು ಹತ್ತಿದ್ದು ಅಲ್ಲಿಗೇ. ರೈಲು ವರ್ಷವಿಡೀ ಓಡುತ್ತದೆ, ಸಾಮಾನು ಹೊತ್ತು ಏದುಸಿರು ಬಿಡುವ ಪ್ರಮೇಯವಿಲ್ಲ.

ಎರಡನೆಯದು ಎತ್ತರ. ಮುಳ್ಳಯ್ಯನಗಿರಿ 1930 ಮೀಟರ್ ಎಂಬುದನ್ನು ಅಳತೆಗೋಲಾಗಿ ಇಟ್ಟುಕೊಳ್ಳಿ. ಬೆಟ್ಟದ ಹಳ್ಳಿಗಳಾದ ವೆಂಗೆನ್ ಸುಮಾರು 1270, ಮ್ಯೂರೆನ್ ಸುಮಾರು 1640, ರಿಗಿಯ ನೆತ್ತಿ 1798. ಇವೆಲ್ಲ ಅದಕ್ಕಿಂತ ಕೆಳಗೇ ಇವೆ. ಕ್ಲೈನೆ ಶೈಡೆಗ್ ಎಂಬ ಘಟ್ಟ 2061. ಝೆರ್ಮಾಟ್ ಮೇಲಿನ ಗೋರ್ನರ್‌ಗ್ರಾಟ್‌ನ ಹೋಟೆಲಾದರೋ ಸುಮಾರು 3100 ಮೀಟರ್‌ನಲ್ಲಿದೆ. ಯುಂಗ್‌ಫ್ರಾಯೋಕ್‌ನ ರೈಲು ನಿಲ್ದಾಣ 3454 ಮೀಟರ್‌ನಲ್ಲಿದ್ದರೂ ಜನ ಎರಡು ಮೂರು ಗಂಟೆ ಇದ್ದು ಇಳಿದುಬಿಡುತ್ತಾರೆ. ನೋಡಿ ಬರುವ ಎತ್ತರವೇ ಬೇರೆ, ಮಲಗುವ ಎತ್ತರವೇ ಬೇರೆ. ರಕ್ತದೊತ್ತಡ, ಹೃದಯ, ಉಸಿರಾಟದ ತೊಂದರೆ ಇರುವ ಹಿರಿಯರನ್ನು ಮೂರು ಸಾವಿರ ಮೀಟರ್‌ನಲ್ಲಿ ರಾತ್ರಿ ಮಲಗಿಸುವ ಮೊದಲು ಕೇಳಬೇಕಾದದ್ದು ಹೋಟೆಲಿನವರನ್ನಲ್ಲ, ವೈದ್ಯರನ್ನು.

ವೆಂಗೆನ್, ಮ್ಯೂರೆನ್, ಝೆರ್ಮಾಟ್‌ಗಳಿಗೆ ನಮ್ಮ ಕಾರು ಹೋಗುವುದಿಲ್ಲ. ವೆಂಗೆನ್‌ಗೆ ಹೋಗುವವರು ಲೌಟರ್‌ಬ್ರುನೆನ್‌ನಲ್ಲಿ, ಝೆರ್ಮಾಟ್‌ಗೆ ಹೋಗುವವರು ಟೇಶ್‌ನಲ್ಲಿ ಕಾರು ಬಿಟ್ಟು ರೈಲು ಹತ್ತಬೇಕು. ನಿಲ್ದಾಣದಿಂದ ಹೋಟೆಲಿಗೆ ಎಷ್ಟು ದೂರ, ದಾರಿ ಏರುವುದೋ ಇಳಿಯುವುದೋ, ಸಾಮಾನಿಗೆ ವಿದ್ಯುತ್ ಗಾಡಿ ಕಳುಹಿಸುತ್ತೀರಾ, ಕಟ್ಟಡದಲ್ಲಿ ಲಿಫ್ಟ್ ಇದೆಯೇ ಎಂದು ಬಿಡಿಸಿ ಕೇಳಿ. ಮಂಡಿನೋವಿನ ಅಮ್ಮನಿಗೆ ಮೂರನೇ ಮಹಡಿಯ ಮರದ ಮೆಟ್ಟಿಲು ಚಿತ್ರದಲ್ಲಷ್ಟೇ ಚೆಂದ. ಸ್ನಾನದ ಮನೆ ಕೋಣೆಯೊಳಗೇ ಇದೆಯೇ ಎಂಬುದನ್ನೂ ಮರೆಯಬೇಡಿ. ಹಳೆಯ ಬೆಟ್ಟದ ಮನೆಗಳಲ್ಲಿ ಅದು ಓಣಿಯ ಕೊನೆಯಲ್ಲಿರುತ್ತದೆ, ಬೆಲೆ ಅಗ್ಗವಾಗಿರುವುದಕ್ಕೆ ಬಹುಪಾಲು ಅದೇ ಕಾರಣ. ಮಂಚ ಜೋಡಿಯದಾದರೂ ಹೊದಿಕೆ ಇಬ್ಬರಿಗೆ ಬೇರೆ ಬೇರೆ ಇರುತ್ತದೆ. ಇದು ಇಲ್ಲಿನ ರೂಢಿ, ಕೊರತೆಯಲ್ಲ.

ಇನ್ನು ಊಟ. ಸುತ್ತ ಬೇರೆ ಅಂಗಡಿ, ಹೋಟೆಲ್ ಇಲ್ಲದ ಕಡೆ ‘ಹಾಲ್ಬ್‌ಪೆನ್ಸಿಯೋನ್’, ಅಂದರೆ ತಿಂಡಿ ಮತ್ತು ರಾತ್ರಿಯ ಊಟ ಸೇರಿದ ದರ, ತೆಗೆದುಕೊಳ್ಳುವುದೇ ಲೇಸು. ಆದರೆ ರಾತ್ರಿಯ ಊಟವೆಂದರೆ ಆರೂವರೆ, ಏಳು ಗಂಟೆ. ನಮ್ಮವರು ಒಂಬತ್ತಕ್ಕೆ ಹಸಿವಾಯಿತೆಂದು ಕೆಳಗಿಳಿದರೆ ಅಡುಗೆಮನೆ ತೊಳೆದು ದೀಪ ಆರಿಸಿರುತ್ತಾರೆ. ‘ಸಸ್ಯಾಹಾರಿ’ ಎಂದಷ್ಟೇ ಬರೆದು ಸುಮ್ಮನಾಗಬೇಡಿ. ಏನು ತಿನ್ನುವುದಿಲ್ಲ ಎಂಬುದನ್ನು ಒಂದೊಂದಾಗಿ ಬರೆಯಿರಿ: ಮಾಂಸವಿಲ್ಲ, ಮೀನಿಲ್ಲ, ಮೊಟ್ಟೆಯಿಲ್ಲ, ಮೂಳೆ ಬೇಯಿಸಿದ ಸಾರವಿಲ್ಲ. ತರಕಾರಿ ಸೂಪಿನ ಬುಡದಲ್ಲಿ ದನದ ಮಾಂಸದ ಸಾರ ಇರಬಹುದು. ಆಲೂಗಡ್ಡೆಯ ರೋಸ್ಟಿಯಲ್ಲಿ ಹಂದಿಯ ಚೂರು, ಎಲ್ಪ್ಲರ್‌ಮಾಗ್ರೋನೆನ್ ಎಂಬ ಪಾಸ್ತಾ-ಆಲೂಗಡ್ಡೆ-ಚೀಸಿನ ತಿನಿಸಿನಲ್ಲೂ ಕೆಲವೊಮ್ಮೆ ಅದೇ. ಕರಗಿಸಿದ ಚೀಸಿನ ಫೊಂಡ್ಯೂ ನೋಡಲು ಎಷ್ಟು ಸಾತ್ವಿಕವೋ ಅಷ್ಟೇ ವೈನ್ ಮತ್ತು ಕಿರ್ಷ್ ಎಂಬ ಚೆರ್ರಿ ಹಣ್ಣಿನ ಮದ್ಯ ಕುಡಿದಿರುತ್ತದೆ. ಗ್ರುಯೇರ್ ಚೀಸನ್ನು ಹೆಪ್ಪುಗಟ್ಟಿಸುವುದು ಕರುವಿನ ಹೊಟ್ಟೆಯಿಂದ ತೆಗೆದ ದ್ರವ್ಯದಿಂದ; ಅದು ಬೇಡವೆನ್ನುವವರು ಮನೆಯಲ್ಲಿದ್ದರೆ ಮೊದಲೇ ಹೇಳುವುದು ಒಳ್ಳೆಯದು. ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲದ ಅಡುಗೆ ಕೇಳಿದರೆ ಕೆಲವರು ಆಗದು ಎನ್ನುತ್ತಾರೆ. ಆಗದೆಂಬ ಉತ್ತರ ಮನೆಯಲ್ಲಿ ಕುಳಿತಾಗಲೇ ಸಿಕ್ಕರೆ ಬೇರೆ ದಾರಿ ನೋಡಬಹುದು.

ಕೋಣೆಯಲ್ಲೇ ಅನ್ನ ಮಾಡಿಕೊಳ್ಳುತ್ತೇವೆ ಎನ್ನುವವರಿಗೆ ಒಂದು ಮಾತು. ಮರದ ಕಟ್ಟಡ, ತಲೆಯ ಮೇಲೆ ಹೊಗೆಯ ಎಚ್ಚರಿಕೆ ಗಂಟೆ, ಕೆಳಗೆ ಒಗ್ಗರಣೆ. ಇವು ಮೂರೂ ಒಂದು ಸೂರಿನಡಿ ಹೊಂದಿ ಬಾಳುವುದಿಲ್ಲ. ಮೇಲಾಗಿ ಎರಡು ಸಾವಿರ ಮೀಟರ್ ಮೇಲೆ ನೀರು 93 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುವುದರಿಂದ ಬೇಳೆ ಬೇಯುವಷ್ಟರಲ್ಲಿ ಸೂರ್ಯ ಮುಳುಗಿರುತ್ತಾನೆ. ಅವಲಕ್ಕಿ, ಚಟ್ನಿಪುಡಿ, ಉಪ್ಪಿನಕಾಯಿ ಒಯ್ಯಿರಿ, ಕೆಳಗಿನ ಅಂಗಡಿಯಲ್ಲಿ ಮೊಸರಿನ ಡಬ್ಬಿ ಕೊಳ್ಳಿರಿ. ಕೋಣೆಯಲ್ಲಿ ಬಿಸಿನೀರಿನ ಕೆಟಲ್ ಇರಲೇಬೇಕೆಂದೇನಿಲ್ಲ, ಅದನ್ನೂ ಕೇಳಿ ತಿಳಿಯಿರಿ. ಇಲ್ಲದಿದ್ದರೆ ಫ್ಲಾಸ್ಕ್ ತುಂಬಿಸಿ ಕೊಡುತ್ತೀರಾ ಎನ್ನಿ.

2019ರಲ್ಲಿ ಗ್ಸ್ಟಾಡ್‌ನ ಒಂದು ಹೋಟೆಲ್ ಭಾರತೀಯ ಅತಿಥಿಗಳಿಗೆಂದೇ ಬರೆದ ಸೂಚನೆ ಭಾರತದ ತುಂಬ ಸುದ್ದಿಯಾಗಿತ್ತು. ಬೆಳಗಿನ ಬಫೆಯಿಂದ ತಿಂಡಿ ಕಟ್ಟಿಕೊಂಡು ಹೋಗಬೇಡಿ, ಓಣಿಯಲ್ಲಿ, ಬಾಲ್ಕನಿಯಲ್ಲಿ ಗಟ್ಟಿಯಾಗಿ ಮಾತಾಡಬೇಡಿ ಎಂದು ಅದರಲ್ಲಿತ್ತು. ಒಂದೇ ದೇಶದವರ ಹೆಸರು ಹಿಡಿದು ಬರೆದದ್ದು ತಪ್ಪು. ಹೋಟೆಲಿನವರೂ ಕ್ಷಮೆ ಕೇಳಿದರು. ಆಗ ಕೆರಳಿದ ನಮ್ಮವರಲ್ಲಿ ಹೆಚ್ಚಿನವರು ಗಮನಿಸದೆ ಬಿಟ್ಟ ಸಾಲೊಂದು ಅದೇ ಸೂಚನೆಯಲ್ಲಿತ್ತು: ಬುತ್ತಿ ಬೇಕಾದವರು ಹಣ ಕೊಟ್ಟು ಹೇಳಿ ಮಾಡಿಸಿಕೊಳ್ಳಬಹುದು. ಎಷ್ಟೋ ಬೆಟ್ಟದ ಹೋಟೆಲುಗಳಲ್ಲಿ ಈ ಅನುಕೂಲ ಇದೆ. ಹಿಂದಿನ ಸಂಜೆಯೇ ತಿಳಿಸಿದರೆ ಬೆಳಿಗ್ಗೆ ಬ್ರೆಡ್ಡು, ಚೀಸು, ಸೇಬು ಕಾಗದದ ಚೀಲದಲ್ಲಿ ಸಿದ್ಧ. ಕರವಸ್ತ್ರದಲ್ಲಿ ಕ್ರೋಸಾಂ ಅಡಗಿಸಿ ತರುವ ಕಷ್ಟ ಯಾಕೆ?

ಕೋಣೆಗೆ ಇಷ್ಟೇ ಜನ ಎಂಬ ಲೆಕ್ಕವನ್ನು ಇಲ್ಲಿ ಬೆಂಕಿಯ ಸುರಕ್ಷತೆಗಾಗಿಯೂ ನೋಡುತ್ತಾರೆ. ನೆಲದ ಮೇಲೆ ಹಾಸಿಗೆ ಹಾಸಿಕೊಂಡು ಹೊಂದಿಸಿಕೊಳ್ಳುತ್ತೇವೆ ಎಂಬ ನಮ್ಮ ಮದುವೆಮನೆಯ ಪದ್ಧತಿ ನಡೆಯುವುದಿಲ್ಲ. ಮಕ್ಕಳ ವಯಸ್ಸು ಸಹಿತ ತಲೆ ಎಣಿಸಿ ಬರೆಯಿರಿ. ‘ಕುರ್‌ಟಾಕ್ಸೆ’ ಎಂಬ ಪ್ರವಾಸಿ ತೆರಿಗೆ ತಲೆಗೆ, ರಾತ್ರಿಗೆ ಇಷ್ಟು ಎಂದು ಇರುತ್ತದೆ, ಅದು ದರದಲ್ಲಿ ಸೇರಿದೆಯೇ ಕೇಳಿ. ಅದಕ್ಕೆ ಬದಲಾಗಿ ಹಲವು ಊರುಗಳಲ್ಲಿ ಸಿಗುವ ಅತಿಥಿ ಕಾರ್ಡ್‌ನಿಂದ ಊರಿನ ಬಸ್ ಉಚಿತ, ಬೇರೆ ರಿಯಾಯಿತಿಗಳೂ ಉಂಟು. ಹೋಟೆಲಿನಲ್ಲಿ ಹೆಸರು ನೋಂದಾಯಿಸಲು ಪಾಸ್‌ಪೋರ್ಟ್ ಬೇಕು, ಮನೆಯಲ್ಲಿ ಭದ್ರವಾಗಿಟ್ಟು ಬರಬೇಡಿ. ಹಿರಿಯರ ವೀಸಾಕ್ಕೆಂದು ಮಾಡಿಸಿದ 30,000 ಯೂರೋ ವಿಮೆಯಲ್ಲಿ ಬೆಟ್ಟದ ರಕ್ಷಣೆಯ ಖರ್ಚು ಸೇರಿದೆಯೇ ಎಂದೂ ಓದಿ ನೋಡಿ. ಹೆಲಿಕಾಪ್ಟರ್ ರಕ್ಷಣೆಯ ರೇಗಾ ಸಂಸ್ಥೆಯ ಸಂಖ್ಯೆ 1414 ಎಲ್ಲರ ಮೊಬೈಲಿನಲ್ಲಿರಲಿ.

ಕೊನೆಯ ರೋಪ್‌ವೇ ಎಷ್ಟು ಹೊತ್ತಿಗೆ, ಬಿರುಗಾಳಿಗೆ ಅದು ನಿಂತರೆ ಆ ರಾತ್ರಿಯ ಹಣ ವಾಪಸ್ಸು ಬರುತ್ತದೆಯೇ ಎಂಬುದನ್ನು ಪತ್ರದ ಕೊನೆಗೆ ಸೇರಿಸಿ. ಜರ್ಮನ್ ಬರುವವರು ಜರ್ಮನ್‌ನಲ್ಲೇ ಬರೆದರೆ ಚೆನ್ನ, ಇಲ್ಲವೆಂದರೆ ಸರಳ ಇಂಗ್ಲಿಷ್ ಸಾಕು. ಒಳ್ಳೆಯ ಹೋಟೆಲಿನವರು ಇಂಥ ಪತ್ರಕ್ಕೆ ಬೇಸರಿಸುವುದಿಲ್ಲ, ಸಾಲು ಸಾಲಿಗೂ ಉತ್ತರ ಬರೆಯುತ್ತಾರೆ. ವಾರವಾದರೂ ಉತ್ತರ ಬಾರದಿದ್ದರೆ ಬೇರೆ ಹೋಟೆಲಿಗೆ ಬರೆಯಿರಿ.