ಗೆಳೆಯನಿಗೊಂದು ಪತ್ರ: ಅಮ್ಮ ಬೌಲಿಂಗ್ ಆಡಿದ ಚಳಿಗಾಲ

ಮಿನಿಯಾಪೊಲಿಸ್, ಅಮೆರಿಕ, ಏಪ್ರಿಲ್ 2008

ಪ್ರೀತಿಯ ಗೆಳೆಯಾ,

ನಿನ್ನ ಪತ್ರ ಬಂದು ಎರಡು ವಾರ ಆಯ್ತು. ನಿನ್ನ ಭಾವಮೈದುನ ಜೂನ್‌ನಲ್ಲಿ ಸಾಗರಕ್ಕೆ ಬರುವಾಗ ಮಕ್ಕಳಿಗೆ ನಿಂಟೆಂಡೊ ವೀ ಅನ್ನುವ ವಿಡಿಯೋ ಗೇಮ್ ಯಂತ್ರ ತರಿಸಲಾ ಬೇಡವಾ ಅಂತ ಕೇಳಿದ್ದೀಯ. ಎರಡು ಸಾಲು ಬರೆದು ಹಾಕು, ಸಾಕು ಅಂದಿದ್ದೀಯ. ಎರಡು ಸಾಲಲ್ಲಿ ಮುಗಿಯುವ ಮಾತಲ್ಲ ಮಾರಾಯ. ಅದು ನಮ್ಮ ಮನೆಗೆ ಬಂದು ಐದು ತಿಂಗಳಾಗುತ್ತಾ ಬಂತು. ಅದರಲ್ಲಿ ಮೂರೂವರೆ ತಿಂಗಳು ಅಮ್ಮನೂ ಇಲ್ಲಿದ್ದಳು. ಅಮ್ಮನನ್ನು ಬಿಟ್ಟು ಬರೀ ಯಂತ್ರದ ಬಗ್ಗೆ ಬರೆಯೋಕೆ ನನಗೆ ಆಗಲ್ಲ.

ಅಪ್ಪ ಹೋದಮೇಲೆ ಅಮ್ಮ ಇಲ್ಲಿಗೆ ಬಂದದ್ದು ಇದೇ ಮೊದಲು. ಅಕ್ಟೋಬರ್‌ನಲ್ಲಿ ಬಂದಾಗ ಮರಗಳೆಲ್ಲ ಕೆಂಪು, ಹಳದಿ. ದಿನಾ ಸಂಜೆ ಕೆರೆ ಸುತ್ತ ಒಂದು ಸುತ್ತು ನಡೆದು ಬರುತ್ತಿದ್ದಳು. ಡಿಸೆಂಬರ್ ಬಂದದ್ದೇ ತಡ, ಎಲ್ಲ ನಿಂತುಹೋಯ್ತು. ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗೆ ಅಂದರೆ ನಿನಗೆ ಹೇಗೆ ಹೇಳಲಿ, ಮೂಗಿನೊಳಗಿನ ಕೂದಲು ಗಟ್ಟಿಯಾಗುವುದು ಗೊತ್ತಾಗುತ್ತೆ. ನಾವಿಬ್ಬರೂ ಕೆಲಸಕ್ಕೆ, ಮಗ ಶಾಲೆಗೆ. ಅಮ್ಮ ಕಿಟಕಿ ಪಕ್ಕ ಕೂತು ಹಿಮ ನೋಡುತ್ತಾ ಬತ್ತಿ ಹೊಸೆಯುವಳು. ಊರಿಗೆ ವಾಪಸ್ ಹೋಗುವ ದಿನವನ್ನು ಕ್ಯಾಲೆಂಡರ್‌ನಲ್ಲಿ ಎಣಿಸುತ್ತಿದ್ದಳು. ಅದನ್ನು ನಾನು ನೋಡಿದೆ ಅಂತ ಅವಳಿಗೆ ಗೊತ್ತಿಲ್ಲ.

ವೀ ತಂದದ್ದು ಮಗನಿಗೆ ಅಂತಲೇ, ನವೆಂಬರ್ ಕೊನೆಯಲ್ಲಿ. ಇಲ್ಲಿ ಅದು ಮಾರಾಟಕ್ಕೆ ಬಂದದ್ದು 2006ರ ನವೆಂಬರ್ 19ಕ್ಕೆ. ಒಂದು ವರ್ಷ ಕಳೆದರೂ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ಭಾನುವಾರ ಬೆಳಗ್ಗೆ ಆರು ಗಂಟೆಗೆ ಕ್ಯೂ ನಿಂತೆ. ಚೀಟಿ ಕೊಟ್ಟರು, ನನ್ನದು ಹದಿನಾಲ್ಕನೇ ನಂಬರು. ಬೆಲೆ 250 ಡಾಲರ್, ಈಗಿನ ಲೆಕ್ಕದಲ್ಲಿ ಸುಮಾರು 10,000 ರೂಪಾಯಿ. ಅದರ ಜೊತೆಗೇ ವೀ ಸ್ಪೋರ್ಟ್ಸ್ ಅನ್ನುವ ಡಿಸ್ಕ್ ಬರುತ್ತೆ: ಟೆನಿಸ್, ಬೇಸ್‌ಬಾಲ್, ಬೌಲಿಂಗ್ (ಕ್ರಿಕೆಟ್‌ನದ್ದಲ್ಲ, ಚೆಂಡು ಉರುಳಿಸಿ ಹತ್ತು ಪಿನ್ ಬೀಳಿಸುವ ಆಟ), ಗಾಲ್ಫ್, ಬಾಕ್ಸಿಂಗ್. ಬೇರೆ ಏನೂ ಕೊಳ್ಳದಿದ್ದರೂ ಮೊದಲ ಕೆಲವು ತಿಂಗಳಿಗೆ ಇದೇ ಸಾಕು.

ಯಂತ್ರ ನೋಡೋಕೆ ಪುಟ್ಟದು. ಮೂರು ಡಿವಿಡಿ ಡಬ್ಬಿ ಒಂದರ ಮೇಲೊಂದು ಇಟ್ಟಷ್ಟು ದಪ್ಪ. ನಮಗೆ ಗೊತ್ತಿದ್ದ ವಿಡಿಯೋ ಗೇಮ್ ಅಂದರೆ ಎರಡೂ ಕೈಯಲ್ಲಿ ಹಿಡಿದು ಹೆಬ್ಬೆರಳಲ್ಲಿ ಒತ್ತುವುದು, ಅಲ್ವಾ? ಇದರಲ್ಲಿ ಟೀವಿ ರಿಮೋಟ್ ಥರದ್ದೊಂದು ಕೋಲು. ಅದನ್ನು ಬೀಸಿದರೆ ಪರದೆಯಲ್ಲಿ ಟೆನಿಸ್ ರಾಕೆಟ್ ಬೀಸುತ್ತೆ. ಹದಿನಾರು ಬಟನ್ ಕಲಿಯುವ ಗೋಜಿಲ್ಲ.

ಮೊದಲ ವಾರ ಅಮ್ಮ ಹತ್ತಿರವೂ ಬರಲಿಲ್ಲ. ಒಂದು ದಿನ ಮಗ ಹಟ ಮಾಡಿ ಅಜ್ಜಿಯ ಬೊಂಬೆ ಮಾಡಿದ. ಈ ಬೊಂಬೆಗೆ ಮೀ ಅನ್ನುತ್ತಾರೆ. ಮುಖ, ಕೂದಲು, ಕನ್ನಡಕ ಎಲ್ಲ ಆರಿಸಿ ಜೋಡಿಸಬಹುದು. ನರೆಗೂದಲು, ತುರುಬು, ಕನ್ನಡಕ ಎಲ್ಲ ಸಿಕ್ಕಿತು. ಕುಂಕುಮ ಇಲ್ಲ. ಮಗ ಹುಡುಕಿ ಹುಡುಕಿ, ಕೆನ್ನೆಗೆ ಇಡುವ ಮಚ್ಚೆಯನ್ನು ದೊಡ್ಡದು ಮಾಡಿ ಹಣೆಯ ನಡುವಿಗೆ ತಂದು ಇಟ್ಟ. ಕಪ್ಪು ಬೊಟ್ಟು. ಅಮ್ಮ ಕನ್ನಡಕ ಸರಿ ಮಾಡಿಕೊಂಡು ಟೀವಿ ಹತ್ತಿರ ಹೋಗಿ ನೋಡಿದಳು. "ಹೌದಲ್ಲ, ನಾನೇ" ಅಂದಳು. ಅವತ್ತು ಸಂಜೆಯೇ ಕೋಲು ಕೈಗೆ ತಗೊಂಡಳು.

ಬೌಲಿಂಗ್ ಆಟದಲ್ಲಿ ಕೋಲಿನ ಅಡಿಯಲ್ಲಿ ತೋರುಬೆರಳಿಗೆ ಸಿಗುವ ಬಿ ಬಟನ್ ಒತ್ತಿ ಹಿಡಿಯಬೇಕು. ಕೈ ಹಿಂದೆ ತಂದು, ಮುಂದೆ ಬೀಸುವಾಗ ಬಟನ್ ಬಿಡಬೇಕು. ಆಗ ಚೆಂಡು ಉರುಳುತ್ತೆ. ಮಗ "ಈಗ ಬಿಡಿ ಅಜ್ಜಿ" ಅಂದ. ಅಜ್ಜಿ ಕೋಲನ್ನೇ ಬಿಟ್ಟಳು! ಮಣಿಕಟ್ಟಿಗೆ ಹಾಕಿದ್ದ ದಾರ ಇದ್ದದ್ದಕ್ಕೆ ಟೀವಿ ಉಳಿಯಿತು. ಕೋಲು ಬಳೆಗಳ ಪಕ್ಕ ತೂಗಾಡುತ್ತಿತ್ತು. ನಿನಗೂ ಇದನ್ನು ಒತ್ತಿ ಹೇಳುತ್ತೇನೆ: ದಾರ ಹಾಕದೆ ಯಾರೂ ಆಡಬಾರದು. ಮೊದಮೊದಲು ಬಂದ ದಾರ ಸಣ್ಣದಿತ್ತು, ಜೋರಾಗಿ ಬೀಸಿದರೆ ತುಂಡಾಗುತ್ತಿತ್ತು. 2006ರ ಡಿಸೆಂಬರ್‌ನಲ್ಲಿ ಕಂಪನಿಯೇ ಸುಮಾರು 32 ಲಕ್ಷ ದಾರ ಬದಲಾಯಿಸಿ ಕೊಡುತ್ತೇವೆ ಅಂತ ಹೇಳಿತು. ಈಗ ದಪ್ಪ ದಾರ ಬರುತ್ತೆ, ಕೋಲಿಗೆ ಮೆತ್ತನೆಯ ರಬ್ಬರ್ ಕವಚವೂ ಬರುತ್ತೆ.

ನಾಲ್ಕನೆಯದೋ ಐದನೆಯದೋ ಎಸೆತ. ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಎಡಗಾಲು ಸ್ವಲ್ಪ ಮುಂದೆ, ಮೈ ಸ್ವಲ್ಪ ಬಗ್ಗಿಸಿ, ಬಲಗೈ ತೊಡೆಯ ಪಕ್ಕದಿಂದ ಹಿಂದೆ ಹೋಗಿ ಹಾಗೇ ತಗ್ಗಿನಲ್ಲೇ ಮುಂದೆ ಬಂತು, ಕೊನೆಗೆ ಮಣಿಕಟ್ಟಿನ ಒಂದು ಸಣ್ಣ ತಿರುವು. ಇದನ್ನು ಎಲ್ಲೋ ನೋಡಿದ್ದೇನಲ್ಲ ಅನ್ನಿಸಿತು. ಆಮೇಲೆ ಹೊಳೆಯಿತು. ಬೆಳಗ್ಗೆ ಎದ್ದು ಚೊಂಬಿನಿಂದ ಅಂಗಳಕ್ಕೆ ನೀರು ಹಾಕುವ ಕೈ ಅದು! ಐವತ್ತು ವರ್ಷ ದಿನಾ ಮಾಡಿದ್ದು. ಚೆಂಡು ಸ್ವಲ್ಪ ಎಡಕ್ಕೆ ತಿರುಗಿ ಹೋಗಿ ಹತ್ತಕ್ಕೆ ಹತ್ತೂ ಪಿನ್ ಉರುಳಿಸಿತು. ಕೋಲಿನೊಳಗೆ ಒಂದು ಪುಟ್ಟ ಸ್ಪೀಕರ್ ಇದೆ. ಸದ್ದು ಟೀವಿಯಿಂದಲೂ ಬರುತ್ತೆ, ಕೈಯೊಳಗಿಂದಲೂ ಬರುತ್ತೆ. ಅಮ್ಮ ಬೆಚ್ಚಿ ಕೈ ನೋಡಿಕೊಂಡಳು. ಆಮೇಲೆ ನಕ್ಕಳು. ಅಪ್ಪ ಹೋದಮೇಲೆ ಆ ನಗು ನಾನು ನೋಡಿರಲಿಲ್ಲ ಕಣೋ.

ಅಲ್ಲಿಂದ ದಿನಾ ರಾತ್ರಿ ಊಟ ಆದಮೇಲೆ ಬೌಲಿಂಗ್. ಒಂದೇ ಕೋಲಿದ್ದರೂ ಸಾಕು, ಒಬ್ಬರಾದಮೇಲೆ ಒಬ್ಬರು ಕೈ ಬದಲಾಯಿಸಿಕೊಂಡು ನಾಲ್ಕು ಜನ ಆಡಬಹುದು. ಅಭ್ಯಾಸದ ಆಟ ಒಂದಿದೆ. ಅದರಲ್ಲಿ ಪ್ರತಿ ಎಸೆತಕ್ಕೂ ಪಿನ್‌ಗಳ ಒಂದು ಸಾಲು ಜಾಸ್ತಿ ಆಗುತ್ತಾ ಹೋಗಿ ಕೊನೆಗೆ 91 ಪಿನ್ ನಿಲ್ಲುತ್ತೆ. ಅಷ್ಟೂ ಬಿದ್ದ ರಾತ್ರಿ ಅಮ್ಮ ಮಲಗುವ ಹೊತ್ತಿಗೆ ಹನ್ನೊಂದೂವರೆ.

ಇದು ಹೇಗೆ ಕೆಲಸ ಮಾಡುತ್ತೆ ಅಂತ ನಿನ್ನ ದೊಡ್ಡವಳು ಕೇಳೇ ಕೇಳುತ್ತಾಳೆ. ನಾವು ಸಾಗರದಿಂದ ಶಿವಮೊಗ್ಗಕ್ಕೆ ಬಸ್ಸಲ್ಲಿ ನಿಂತುಕೊಂಡು ಹೋಗುತ್ತಿದ್ದೆವಲ್ಲ, ಡ್ರೈವರ್ ಬ್ರೇಕ್ ಹಾಕಿದರೆ ಮುಂದೆ ವಾಲುವುದು, ತಿರುವಿನಲ್ಲಿ ಪಕ್ಕಕ್ಕೆ ವಾಲುವುದು. ಕಣ್ಣು ಮುಚ್ಚಿದ್ದರೂ ಬಸ್ಸು ಏನು ಮಾಡುತ್ತಿದೆ ಅಂತ ಮೈಗೆ ಗೊತ್ತಾಗುತ್ತಿತ್ತು. ಕೋಲಿನೊಳಗಿನ ಒಂದು ಚಿಪ್‌ನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಸ್ಪ್ರಿಂಗ್ ಮೇಲೆ ಸಿಲಿಕಾನ್ ತುಣುಕು ಕೂತಿದೆ. ಕೈ ಬೀಸಿದಾಗ ಅದು ವಾಲುತ್ತೆ. ಮೂರೂ ದಿಕ್ಕಿನ ವಾಲಾಟ ಅಳೆದು, ಬ್ಲೂಟೂತ್ ಮೂಲಕ ಯಂತ್ರಕ್ಕೆ ತಿಳಿಸುತ್ತೆ. ಇದಕ್ಕೆ ಆಕ್ಸೆಲರೋಮೀಟರ್ ಅಂತ ಹೆಸರು.

ಪರದೆಯಲ್ಲಿ ಗುರಿ ತೋರಿಸುವ ಕೆಲಸ ಬೇರೆ. ಅದು ನನಗೆ ಗೊತ್ತಾದದ್ದು ಅಮ್ಮನ ದೀಪದಿಂದ. ಒಂದು ಶುಕ್ರವಾರ ಸಂಜೆ ಪರದೆ ಮೇಲಿನ ಪುಟ್ಟ ಕೈ ನಿಂತಲ್ಲಿ ನಿಲ್ಲದೆ ನಡುಗುತ್ತಿತ್ತು, ಇದ್ದಕ್ಕಿದ್ದಂತೆ ಹಾರುತ್ತಿತ್ತು. ಬ್ಯಾಟರಿ ಬದಲಾಯಿಸಿದೆ, ಉಹುಂ. ಕೊನೆಗೆ ನೋಡಿದರೆ ಟೀವಿ ಪಕ್ಕದ ಗೂಡಿನಲ್ಲಿ ದೇವರ ದೀಪ ಉರಿಯುತ್ತಿತ್ತು. ಟೀವಿ ಮೇಲೆ ಇಡುವ ಉದ್ದನೆಯ ಪಟ್ಟಿಗೆ ಸೆನ್ಸರ್ ಬಾರ್ ಅನ್ನುತ್ತಾರೆ, ಆದರೆ ಅದು ಏನನ್ನೂ ಗಮನಿಸುವುದಿಲ್ಲ. ಅದರ ಎರಡು ತುದಿಯಲ್ಲಿ ಕಣ್ಣಿಗೆ ಕಾಣದ ಅತಿಗೆಂಪು ದೀಪಗಳಿವೆ, ಅಷ್ಟೇ. ಕ್ಯಾಮೆರಾ ಇರುವುದು ಕೋಲಿನ ಮೂತಿಯಲ್ಲಿ. ಆ ಎರಡು ಬೆಳಕಿನ ಚುಕ್ಕೆ ನೋಡಿ ತಾನು ಎತ್ತ ತಿರುಗಿದ್ದೇನೆ ಅಂತ ಲೆಕ್ಕ ಹಾಕುತ್ತೆ. ಎಣ್ಣೆ ದೀಪದಿಂದಲೂ ಅತಿಗೆಂಪು ಬೆಳಕು ಬರುತ್ತಲ್ಲ, ಮೂರನೇ ಚುಕ್ಕೆ ಕಂಡು ಕೋಲಿಗೆ ಗೊಂದಲ. ಪಟ್ಟಿ ಇಲ್ಲದಿದ್ದರೆ ಎರಡು ಮೇಣದಬತ್ತಿ ಹಚ್ಚಿಟ್ಟರೂ ನಡೆಯುತ್ತೆ. ಆಮೇಲೆ ದೀಪದ ಜಾಗ ಬದಲಾಯಿಸಲಿಲ್ಲ, ಟೀವಿಯನ್ನೇ ಎದುರು ಗೋಡೆಗೆ ಸರಿಸಿದೆವು.

ಕೊರತೆಗಳನ್ನೂ ಹೇಳಬೇಕು. ಚಿತ್ರ 480 ಗೆರೆಗಿಂತ ಮೇಲೆ ಹೋಗಲ್ಲ, ಈಗಿನ ದೊಡ್ಡ ಟೀವಿಗಳಲ್ಲಿ ಸ್ವಲ್ಪ ಮಸುಕು. ಒಳಗಿನ ಜಾಗ 512 ಎಂಬಿ ಮಾತ್ರ. ಕೋಲಿಗೆ ಗೊತ್ತಾಗುವುದು ಬೀಸಿದ ರಭಸ, ಕೈ ಎಲ್ಲಿದೆ ಅನ್ನುವುದು ಸರಿಯಾಗಿ ಗೊತ್ತಾಗಲ್ಲ. ಅದಕ್ಕೇ ಸೋಫಾದಲ್ಲಿ ಕೂತು ಮಣಿಕಟ್ಟು ಚಿಮ್ಮಿಸಿದರೂ ಟೆನಿಸ್ ಗೆಲ್ಲಬಹುದು. ನನ್ನ ಮಗ ಎರಡೇ ದಿನದಲ್ಲಿ ಅದನ್ನು ಕಂಡುಹಿಡಿದ. "ಎದ್ದು ನಿಂತು ಆಡು" ಅಂತ ಅಮ್ಮ ಗದರುತ್ತಿದ್ದಳು. ನನಗೂ ಅದೇ ಸರಿ ಅನ್ನಿಸುತ್ತೆ. ಕೂತು ಆಡಿದರೆ ಈ ಆಟದಲ್ಲಿ ಏನೂ ಉಳಿಯಲ್ಲ. ಬಾಕ್ಸಿಂಗ್‌ನಲ್ಲಿ ಮಾತ್ರ ಕೈ ಮಾಡಿದ್ದೊಂದು, ಪರದೆಯಲ್ಲಿ ಆದದ್ದೊಂದು. ಅದನ್ನು ನಾವು ಮುಟ್ಟುವುದೇ ಕಡಿಮೆ. ಒಬ್ಬನೇ ಕೂತು ರಾತ್ರಿಯಿಡೀ ದೊಡ್ಡ ಕತೆಯ ಆಟ ಆಡುವ ಆಸೆ ಇದ್ದವರಿಗೆ ಬೇರೆ ಯಂತ್ರಗಳಿವೆ. ಮನೆ ತುಂಬ ಜನ ಇರುವ ನಿನ್ನಂಥವನಿಗೆ ಇದೇ ಸರಿ.

ಈಗ ತರಿಸುವ ಮಾತು. ಇಲ್ಲಿಯ ಅಡಾಪ್ಟರ್ 120 ವೋಲ್ಟ್‌ಗೆ ಮಾತ್ರ. ನಮ್ಮ 230ಕ್ಕೆ ನೇರವಾಗಿ ಚುಚ್ಚಿದರೆ ಸುಟ್ಟುಹೋಗುತ್ತೆ. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಮೊದಲೇ ತಂದಿಟ್ಟುಕೋ. ಇನ್ನೊಂದು, ಇಲ್ಲಿ ಕೊಂಡ ಯಂತ್ರದಲ್ಲಿ ಇಲ್ಲಿಯ ಡಿಸ್ಕ್ ಮಾತ್ರ ಓಡುತ್ತೆ, ಯುರೋಪಿನದು ಓಡಲ್ಲ. ಆದ್ದರಿಂದ ಬೇಕಾದ ಆಟಗಳನ್ನು ಅವನ ಕೈಯಲ್ಲೇ ತರಿಸು. ಕೋಲು ಎರಡಾದರೂ ಇರಲಿ. ಪ್ರತಿಯೊಂದಕ್ಕೂ ಎರಡು ಪೆನ್ಸಿಲ್ ಸೆಲ್ ಬೇಕು, ರೀಚಾರ್ಜ್ ಆಗುವಂಥದ್ದೇ ತಗೋ. ನಿಮ್ಮ ಜಗಲಿಯಲ್ಲಿ ಟೀವಿ ಇಟ್ಟರೆ ಜಾಗಕ್ಕೆ ತೊಂದರೆ ಇಲ್ಲ, ಹಗಲು ಬಿಸಿಲು ನೇರವಾಗಿ ಬೀಳದಿದ್ದರೆ ಆಯ್ತು. ತೂಕ ಅಳೆಯುವ ಹಲಗೆಯ ಮೇಲೆ ನಿಂತು ಆಡುವ ವೀ ಫಿಟ್ ಜಪಾನಿನಲ್ಲಿ ಡಿಸೆಂಬರ್‌ನಲ್ಲೇ ಬಂತು, ಬರುವ ತಿಂಗಳು ಇಲ್ಲಿಗೂ ಬರುತ್ತೆ. ಅದು ಭಾರ, ಈ ಸಲ ಬೇಡ ಬಿಡು.

ಮಾರ್ಚ್‌ನಲ್ಲಿ ಅಮ್ಮ ಹೊರಟಳು. ಮನೆ ಖಾಲಿ ಖಾಲಿ. ಮೊನ್ನೆ ರಾತ್ರಿ ನಾನೂ ಮಗನೂ ಬೇಸ್‌ಬಾಲ್ ಹಾಕಿದೆವು. ಆ ಆಟದಲ್ಲಿ ತಂಡ ತುಂಬಿಸೋಕೆ ಯಂತ್ರ ತನ್ನಲ್ಲಿರುವ ಮೀಗಳನ್ನೇ ಕರೆದು ನಿಲ್ಲಿಸುತ್ತೆ. ಮಗ ಬ್ಯಾಟ್ ಎತ್ತಿದ. ಎದುರಿಗೆ ಚೆಂಡು ಹಿಡಿದು ನಿಂತವಳು ನರೆತ ತುರುಬು, ಕನ್ನಡಕ, ಹಣೆಯಲ್ಲಿ ಕಪ್ಪು ಬೊಟ್ಟು. ಇಬ್ಬರೂ ಸ್ವಲ್ಪ ಹೊತ್ತು ಆಡಲೇ ಇಲ್ಲ, ಸುಮ್ನೆ ನೋಡುತ್ತಾ ನಿಂತೆವು.

ಯಂತ್ರ ಬಂದಮೇಲೆ ಒಂದು ಸಂಜೆ ಅಮ್ಮನನ್ನು ನಿಮ್ಮ ಮನೆಗೆ ಕರೆದುಕೊಂಡು ಹೋಗು. ಕಲಿಸುವುದೇನೂ ಬೇಡ, ದಾರ ಮಾತ್ರ ಕೈಗೆ ಹಾಕು. ಫೆಬ್ರವರಿಯಲ್ಲಿ ಅವಳು ಬೌಲಿಂಗ್‌ನಲ್ಲಿ ಮಾಡಿದ 187 ಅಂಕ ಇಲ್ಲಿ ಇನ್ನೂ ಯಾರೂ ಮುರಿದಿಲ್ಲ ಅಂತ ಹೇಳು. ನಿಮ್ಮಮ್ಮನಿಗೆ ನನ್ನ ನಮಸ್ಕಾರ ತಿಳಿಸು.

ನಿನ್ನವ