ಕಾಡು ಓದಿದವನು ಡೆಂಗಿ ಬಗ್ಗೆ ಯಾಕೆ ಬರೆಯುತ್ತಾನೆ

ಬೆಂಗಳೂರು

ಪ್ರೀತಿಯ ಗೆಳೆಯ,

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಅವಸರದಲ್ಲಿ ಏನೋ ಹೇಳಿ ಮುಗಿಸಿದೆ. ಕೂತು ಬರೆಯಬೇಕು ಅನ್ನಿಸಿತು. "ನೀನು ಕಾಡು, ಕಪ್ಪೆ, ಹಕ್ಕಿ ಅಂತ ಇಕಾಲಜಿ (ಜೀವಿಗಳಿಗೂ ಪರಿಸರಕ್ಕೂ ಇರುವ ನಂಟಿನ ವಿಜ್ಞಾನ) ಓದಿದೆ, ಆಮೇಲೆ ಸಾರ್ವಜನಿಕ ಆರೋಗ್ಯ ಓದಿದೆ, ಈಗ ಎರಡನ್ನೂ ಬಿಟ್ಟು ವಿಜ್ಞಾನ ಬರೆಯುತ್ತಿದ್ದೀಯಲ್ಲ, ಯಾಕೆ" ಅಂತ ನೀನು ಕೇಳಿದೆ. ನಾನು ಎರಡನ್ನೂ ಬಿಟ್ಟಿಲ್ಲ ಮಾರಾಯ. ದಿನಾ ಬಳಸುತ್ತಿದ್ದೇನೆ.

ನನ್ನ ದಾರಿ ತಿರುಗಿದ್ದು ಮಂಗನ ಕಾಯಿಲೆಯ ಬಗ್ಗೆ ಓದುವಾಗ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಸುತ್ತಲಿನ ಹಳ್ಳಿಯವರು ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ನೋಡಿದರೆ ಅದು ಹೊಸ ವೈರಸ್. ಹರಡುತ್ತಿದ್ದದ್ದು ಉಣುಗು, ಅಂದರೆ ಪ್ರಾಣಿಗಳ ಮೈಗೆ ಅಂಟಿ ರಕ್ತ ಹೀರುವ ಸಣ್ಣ ಜೀವಿ. ಬೊಶೆಲ್ ಎಂಬ ವಿಜ್ಞಾನಿ 1969ರಲ್ಲಿ ಒಂದು ಲೇಖನ ಬರೆದರು. ಕಾಡು ಕಡಿದು ಗದ್ದೆ ಮಾಡಿದ್ದು, ಕಾಡಂಚಿನಲ್ಲಿ ದನ ಮೇಯಲು ಬಿಟ್ಟದ್ದು, ದನದ ರಕ್ತ ಕುಡಿದು ಉಣುಗು ಹೆಚ್ಚಿದ್ದು, ಇವೆಲ್ಲ ಸೇರಿ ಕಾಯಿಲೆ ಜನರ ಹತ್ತಿರ ಬಂದಿರಬೇಕು ಎಂಬುದು ಅವರ ವಾದ. ಓದಿ ನನಗೆ ರೋಮಾಂಚನವಾಯಿತು. ಒಂದು ಜ್ವರದ ಹಿಂದೆ ಇಡೀ ಕಾಡಂಚಿನ ಕಥೆ ಇತ್ತು.

ಆದರೆ ಅಲ್ಲಿಗೆ ಕಥೆ ಮುಗಿಯಲಿಲ್ಲ. ಕಾಯಿಲೆ ಜೋರಾಗುವುದು ಡಿಸೆಂಬರ್‌ನಿಂದ ಮೇ ತಿಂಗಳ ಒಳಗೆ. ಆಗ ಕಾಡಿಗೆ ಹೋಗುವವರು ಯಾರು? ಸೌದೆ ತರುವವರು, ಕೊಟ್ಟಿಗೆಗೆ ತರಗೆಲೆ ಗುಡಿಸಿ ತರುವವರು, ದನ ಕಾಯುವವರು. ಅವರಿಗೆ "ಕಾಡಿಗೆ ಹೋಗಬೇಡಿ" ಎಂದು ಹೇಳುವುದು ಸುಲಭ. ಒಲೆ ಉರಿಯುವುದು ಹೇಗೆ? ಈ ಪ್ರಶ್ನೆಗೆ ಇಕಾಲಜಿ ಪುಸ್ತಕದಲ್ಲಿ ಉತ್ತರ ಇರಲಿಲ್ಲ. ಅದಕ್ಕೇ ಸಾರ್ವಜನಿಕ ಆರೋಗ್ಯ ಓದಲು ಹೋದೆ.

ಇದೆಲ್ಲ ಮಲೆನಾಡಿನ ವಿಷಯ, ಬೆಂಗಳೂರಿನಲ್ಲಿ ಏನು ಅಂತೀಯಾ? ಮಲೇರಿಯಾಕ್ಕೂ ಸೊಳ್ಳೆಗೂ ಇರುವ ನಂಟನ್ನು ಮುಂದೆ ಕಂಡುಹಿಡಿದ ರೊನಾಲ್ಡ್ ರಾಸ್ 1883ರಲ್ಲಿ ಇಲ್ಲೇ ಸೇನೆಯ ವೈದ್ಯರಾಗಿದ್ದರು. ತಮ್ಮ ಬಂಗಲೆಯಲ್ಲೇ ಯಾಕೆ ಇಷ್ಟು ಸೊಳ್ಳೆ ಎಂದು ಹುಡುಕಿದಾಗ ಕಿಟಕಿಯ ಹೊರಗಿನ ಪೀಪಾಯಿಯ ನೀರಿನಲ್ಲಿ ಮರಿಗಳು ಕಂಡವು. ನೀರು ಚೆಲ್ಲಿದ ಮೇಲೆ ಸೊಳ್ಳೆ ಕಾಟ ಹೋಯಿತು. ಅವರು ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ಪರಾವಲಂಬಿಯನ್ನು ಕಂಡದ್ದು 1897ರಲ್ಲಿ.

ನಮ್ಮ ಬೀದಿಗಳಲ್ಲಿ ಇವತ್ತಿಗೂ ಪೀಪಾಯಿ ಇದೆ. ಈಗ ಅದು ನೀಲಿ ಪ್ಲಾಸ್ಟಿಕ್ ಡ್ರಮ್ಮು. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಇಂಥದ್ದೇ ಬೇಕು. ಅದು ಕಚ್ಚುವುದು ಹೆಚ್ಚಾಗಿ ಹಗಲಲ್ಲಿ. ಮೊಟ್ಟೆ ಇಡುವುದು ನೀರಿನ ಮೇಲಲ್ಲ, ನೀರಿನ ಅಂಚಿಗಿಂತ ಸ್ವಲ್ಪ ಮೇಲೆ, ಡ್ರಮ್ಮಿನ ಒಳಗೋಡೆಗೆ. ನೀರು ಖಾಲಿಯಾದರೂ ಆ ಮೊಟ್ಟೆ ತಿಂಗಳುಗಟ್ಟಲೆ ಒಣಗಿಕೊಂಡೇ ಬದುಕಿರುತ್ತದೆ. ಮತ್ತೆ ನೀರು ತುಂಬಿದಾಗ ಒಡೆಯುತ್ತದೆ. ಅಲ್ಲಿಂದ ಒಂದು ವಾರ, ಹತ್ತು ದಿನದಲ್ಲಿ ಸೊಳ್ಳೆ ಹಾರುತ್ತದೆ. ಅಂದರೆ ಡ್ರಮ್ಮು ಖಾಲಿ ಮಾಡಿದರೆ ಸಾಲದು, ವಾರಕ್ಕೊಮ್ಮೆ ಒಳಗೋಡೆಯನ್ನು ಚೆನ್ನಾಗಿ ಉಜ್ಜಬೇಕು. ಇಷ್ಟು ಸಣ್ಣ ವಿಷಯವನ್ನು ಎಷ್ಟೋ ಕಡೆ ಬಿಡಿಸಿ ಹೇಳುವುದಿಲ್ಲ. "ನೀರು ನಿಲ್ಲದಂತೆ ನೋಡಿಕೊಳ್ಳಿ" ಎಂದು ಬರೆದು ಬಿಡುತ್ತಾರೆ.

ಈಗ ಆ ಡ್ರಮ್ಮು ಯಾರ ಮನೆಯಲ್ಲಿದೆ ನೋಡು. ದಿನಾ ನಲ್ಲಿಯಲ್ಲಿ ನೀರು ಬರುವ ಮನೆಯಲ್ಲಿ ಅಲ್ಲ. ಎರಡು ಮೂರು ದಿನಕ್ಕೊಮ್ಮೆ ನೀರು ಬರುವ ವಠಾರದಲ್ಲಿ, ಟ್ಯಾಂಕರಿಗೆ ಕಾಯುವ ಬಡಾವಣೆಯಲ್ಲಿ. 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿದಾಗ ಸಿಕ್ಕಸಿಕ್ಕ ಪಾತ್ರೆಗಳಲ್ಲೆಲ್ಲ ಜನ ನೀರು ತುಂಬಿಟ್ಟರು. ಅದೇ ವರ್ಷ ಮಳೆಗಾಲದಲ್ಲಿ ಡೆಂಗಿ ಜೋರಾಯಿತು. ಸೆಪ್ಟೆಂಬರಿನಲ್ಲಿ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗ ಎಂದು ಘೋಷಿಸಿತು. ಸೊಳ್ಳೆ ಬೆಳೆಯಲು ಬಿಟ್ಟರೆ ನಗರದ ಮನೆಗೆ 400 ರೂಪಾಯಿ, ಹಳ್ಳಿಯ ಮನೆಗೆ 200 ರೂಪಾಯಿ ದಂಡ ಎಂದೂ ಆಗ ಹೇಳಿತು. ಕಟ್ಟಡ ಕಟ್ಟುವ ಜಾಗಕ್ಕೆ ಇನ್ನೂ ಹೆಚ್ಚು. ಕಟ್ಟಡದವರಿಗೆ ದಂಡ ಹಾಕಲಿ, ಖಂಡಿತ ಹಾಕಲಿ. ಆದರೆ ನೀರು ಬಾರದ್ದಕ್ಕೆ ತುಂಬಿಟ್ಟುಕೊಂಡವಳಿಗೆ ದಂಡ ಹಾಕುವುದು ನನಗೆ ಒಪ್ಪಿಗೆಯಿಲ್ಲ. ಅವಳ ಡ್ರಮ್ಮಿಗೆ ಬಿಗಿ ಮುಚ್ಚಳ ಕೊಡಿ, ಒಂದು ತುಂಡು ಬಟ್ಟೆಯಾದರೂ ಕಟ್ಟಿಸಿ. ನಲ್ಲಿಗೆ ನೀರು ಬಿಡಿ. ಡೆಂಗಿ ಕಡಿಮೆಯಾಗಲು ನೀರಿನ ಪೈಪೂ ಸೊಳ್ಳೆ ಔಷಧಿಯಷ್ಟೇ ಮುಖ್ಯ ಎಂದು ನಾನು ನಂಬಿದ್ದೇನೆ.

ಸೊಳ್ಳೆಯ ಬದುಕು ಗೊತ್ತಿದ್ದವರು, ಯಾರಿಗೆ ಎಷ್ಟು ದಿನಕ್ಕೊಮ್ಮೆ ನೀರು ಬರುತ್ತದೆ ಎಂಬ ಸರದಿಯ ಬಗ್ಗೆ ಸಾಮಾನ್ಯವಾಗಿ ಬರೆಯುವುದಿಲ್ಲ. ಸರದಿಯ ಬಗ್ಗೆ ಬರೆಯುವವರಿಗೆ ಮೊಟ್ಟೆ ಎಲ್ಲಿರುತ್ತದೆ ಅಂತ ಎಷ್ಟೋ ಸಲ ಗೊತ್ತಿರುವುದಿಲ್ಲ. ಎರಡನ್ನೂ ಒಂದೇ ಲೇಖನದಲ್ಲಿ, ವಠಾರದಲ್ಲಿ ಓದುವವರಿಗೆ ಅರ್ಥವಾಗುವ ಕನ್ನಡದಲ್ಲಿ ಹೇಳಬೇಕು ಎನ್ನುವುದು ನನ್ನ ಆಸೆ. ಅದಕ್ಕೇ ಬರೆಯುತ್ತೇನೆ.

ನಿನ್ನ ಮಗಳು ಬಿಎಸ್ಸಿ ಆದ ಮೇಲೆ ಏನು ಓದಲಿ ಅಂತ ಕೇಳಿದ್ದಳಲ್ವಾ? ಇಕಾಲಜಿ ಇಷ್ಟವಿದ್ದರೆ ಧೈರ್ಯವಾಗಿ ಓದಲಿ. ಸಂಖ್ಯಾಶಾಸ್ತ್ರ ಮಾತ್ರ ಬಿಡದಿರಲಿ, ಎರಡೂ ಕಡೆ ಅದು ಬೇಕು. ರಜೆಯಲ್ಲಿ ಒಬ್ಬರು ಆಶಾ ಕಾರ್ಯಕರ್ತೆಯ ಜೊತೆ ಮನೆಮನೆ ಸುತ್ತಲಿ, ಅವರು ಒಪ್ಪಿದರೆ. ಅಲ್ಲಿ ಕಲಿಯುವುದು ಬಹಳ ಇದೆ.

ಡ್ರಮ್ಮಿನ ಲೇಖನ ಅರ್ಧ ಆಗಿದೆ. ಮುಗಿದ ಮೇಲೆ ಕಳಿಸುತ್ತೇನೆ. ಅಮ್ಮನಿಗೆ ಓದಿ ಹೇಳು, ಅವರಿಗೆ ಎಲ್ಲಿ ಗೊತ್ತಾಗಲಿಲ್ಲ ಅಂತ ಗುರುತು ಹಾಕಿ ಕಳಿಸು.

ನಿನ್ನ
ಗೆಳೆಯ