ಬೇರು, ಕಷಾಯ, ಬಸಿರು: ಗುಂಪಿನ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಮಗು ಬೇಗ ಆಗಲಿ ಅಂತ ಬೇರು, ಪುಡಿಗಳ ಫಾರ್ವರ್ಡ್ ಇಲ್ಲಿ ಜಾಸ್ತಿ ಆಗಿದೆ. ದಯವಿಟ್ಟು ಸುಮ್ನೆ ಹಂಚಬೇಡಿ. ಅಶ್ವಗಂಧ, ಜೇಷ್ಠಮಧು ಬಸಿರಿನಲ್ಲಿ ಬೇಡ. ಅಡುಗೆಗೆ ಹಾಕುವ ಚಿಟಿಕೆ ಮಸಾಲೆ ಬೇರೆ, ಅದನ್ನೇ ಕ್ಯಾಪ್ಸೂಲ್ ಮಾಡಿ ದಿನಾ ನುಂಗುವುದು ಬೇರೆ. ವಾಕರಿಕೆಗೆ ಸ್ವಲ್ಪ ಶುಂಠಿ ಹಲವರಿಗೆ ಹಿತ ಕೊಡುತ್ತದೆ, ಅದಕ್ಕೆ ನನ್ನ ತಕರಾರಿಲ್ಲ.

ಮುಖ್ಯವಾದದ್ದು ಫೋಲಿಕ್ ಆಸಿಡ್ ಅನ್ನೋ ಬಿ ವಿಟಮಿನ್. ಮಗುವಿನ ಮೆದುಳು, ಬೆನ್ನುಹುರಿ ಆಗುವ ನಾಳ ಗರ್ಭ ನಿಂತ ಸುಮಾರು 28 ದಿನದೊಳಗೆ ಮುಚ್ಚಿಕೊಳ್ಳುತ್ತದೆ, ಅದು ಸರಿಯಾಗಿ ಮುಚ್ಚಲು ಈ ವಿಟಮಿನ್ ಬೇಕು. ಆಗ ಎಷ್ಟೋ ಜನಕ್ಕೆ ತಾವು ಬಸಿರು ಅಂತಲೇ ಗೊತ್ತಿರುವುದಿಲ್ಲ, ಅಲ್ವಾ? ಹಾಗಾಗಿ ಬಸಿರಾಗುವುದಕ್ಕೆ ಒಂದು ತಿಂಗಳಾದರೂ ಮೊದಲೇ ದಿನಕ್ಕೆ 400 ಮೈಕ್ರೋಗ್ರಾಂ ಮಾತ್ರೆ ಶುರು ಮಾಡಿ, ಬಸಿರಿನ ಮೊದಲ 12 ವಾರ ಮುಂದುವರಿಸಿ. ಸೊಪ್ಪು, ಕಾಳು ಧಾರಾಳವಾಗಿ ತಿನ್ನಿ, ಆದರೆ ಅವು ಮಾತ್ರೆಗೆ ಬದಲಿ ಅಲ್ಲ. ಸೊಪ್ಪಿನ ಮೇಲೆ ನಿಂಬೆರಸ ಹಿಂಡಿದರೆ ಕಬ್ಬಿಣದ ಅಂಶ ಮೈಗೆ ಚೆನ್ನಾಗಿ ಹಿಡಿಯುತ್ತದೆ. ಊಟದ ಜೊತೆಗೇ ಟೀ ಕುಡಿದರೆ ಕಡಿಮೆ ಆಗುತ್ತದೆ.

ಗಂಡಸರೂ ಓದಿ. ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳ ಹತ್ತಿರ ಬೇಕು. ಸಿಗರೇಟು, ಕುಡಿತ ಈಗಲೇ ಬಿಡಿ.

ಸಕ್ಕರೆ ಕಾಯಿಲೆ ಇರುವವರು, ಫಿಟ್ಸ್‌ಗೆ ಮಾತ್ರೆ ತೆಗೆದುಕೊಳ್ಳುವವರು ಫೋಲಿಕ್ ಪ್ರಮಾಣವನ್ನು ಡಾಕ್ಟರನ್ನೇ ಕೇಳಿ. ಅವರಿಗೆ ಜಾಸ್ತಿ ಬೇಕಾಗಬಹುದು.